ಜಿಗಿಯುವ ಗಾಡಿ ಕಟ್ಟಿದ ಲಾಲಪ್ಪ

ಶಹಾಬಾದದ ನೆಲದಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ಪದರು ಪದರಾಗಿ ಪರಸಿ ಚಪ್ಪಡಿ ಎಬ್ಬಿಸಿ ಮಾರಿದ ಮೇಲೆ ಉಳಿದ ಒಡಕು ಕಲ್ಲು ಊರ ಸುತ್ತ ಗುಡ್ಡಗಳಾಗಿ ಬಿದ್ದಿರುತ್ತದೆ. ಲಾಲಪ್ಪನ ಅಪ್ಪ ಅಂಥ ಖಣಿಯೊಂದರಲ್ಲಿ ಕಲ್ಲು ಎಬ್ಬಿಸುತ್ತ ಬೆನ್ನು ಬಾಗಿಸಿಕೊಂಡವನು. ಮಗ ಹಾರೆ ಹಿಡಿಯಲಿಲ್ಲ. ಖಣಿಯ ಕಂಪ್ರೆಸರ್ ಕೆಟ್ಟಾಗಲೆಲ್ಲ ಬರುತ್ತಿದ್ದ ಮಿಸ್ತ್ರಿಯ ಬೆನ್ನು ಹತ್ತಿ ಎಂಜಿನ್ನಿನ ಕೆಲಸ ಕಲಿತ. ಮುಂದೆ ರೈಲ್ವೆ ಗೇಟಿನ ಹತ್ತಿರ ಪತ್ರಾಸ್ ತಗಡಿನ ಶೆಡ್ ಹಾಕಿ ಮೋಟರ್ ಸೈಕಲ್ ರಿಪೇರಿಗೆ ಕುಳಿತ. ಮಾತು ಕಡಿಮೆ, ಕಿವಿ ಚುರುಕು. ಗಿರಾಕಿ ಇನ್ನೂ ರಸ್ತೆಯ ತಿರುವಿನಲ್ಲಿ ಇರುವಾಗಲೇ ಅವನ ಗಾಡಿಯ ಬೇನೆ ಏನೆಂದು ಹೇಳುತ್ತಿದ್ದ, ಮತ್ತು ಹಾಗೆ ಹೇಳುವುದು ಅವನಿಗೆ ಬಹಳ ಇಷ್ಟವಾಗಿತ್ತು.

ಹೆಂಡತಿ ರಮಾಬಾಯಿ ಸುಲೇಪೇಟದವಳು. ತಾಯಿ ತಂದೆ ಬೇಗ ತೀರಿಕೊಂಡಿದ್ದರಿಂದ ತಮ್ಮ ಸಾಯಿಕುಮಾರನನ್ನೂ ಜೊತೆಗೇ ಕರೆತಂದಿದ್ದಳು. ಈ ಗಂಡ ಹೆಂಡತಿಗೆ ಮಕ್ಕಳಾಗಲಿಲ್ಲ; ಸಾಯಿಕುಮಾರನೇ ಮಗನಂತೆ ಬೆಳೆದ. ಓದಿದ, ಓಡಿದ, ಎತ್ತರಕ್ಕೆ ಬೆಳೆದ. ಅಕ್ಕನ ಗಂಡನನ್ನು ‘ಮಾಮಾ’ ಅನ್ನುತ್ತಿದ್ದ. ಆ ಕೂಗಿನಲ್ಲಿ ಅಪ್ಪನನ್ನು ಕರೆಯುವ ಸಲುಗೆಯೂ ಇತ್ತು, ಅಂಜಿಕೆಯೂ ಇತ್ತು.

ತೊಂಬತ್ತರ ಸುಮಾರಿಗೆ ಲಾಲಪ್ಪ ಬಿಡಿಭಾಗ ತರಲು ಹೈದರಾಬಾದಿಗೆ ಹೋದಾಗ ಊರ ಹೊರಗಿನ ಬಯಲಲ್ಲಿ ಒಂದು ಮಣ್ಣಿನ ರೇಸ್ ನೋಡಿದ. ದೀಪವಿಲ್ಲದ, ನಂಬರ್ ಪ್ಲೇಟಿಲ್ಲದ ಬರೀ ಎಲುಬಿನಂಥ ಗಾಡಿಗಳು ದಿಬ್ಬ ಏರಿ ಗಾಳಿಯಲ್ಲಿ ಹಾರಿ, ಆಚೆ ಬಿದ್ದು ಮತ್ತೆ ಓಡುತ್ತಿದ್ದವು. ಬಸ್ಸು ತಪ್ಪಿಸಿಕೊಂಡು ಕೊನೆಯವರೆಗೂ ನಿಂತು ನೋಡಿದ. ಮನೆಗೆ ಬಂದವನು ಕೈಕಾಲು ತೊಳೆಯದೆ ಸಾಯಿಕುಮಾರನನ್ನು ಖಣಿಯ ಕಡೆ ಕರೆದುಕೊಂಡು ಹೋಗಿ ಒಡಕಿನ ಗುಡ್ಡ ತೋರಿಸಿದ.

“ಇದನ್ನ ಹಾರೂವಂಥ ಗಾಡಿ ಕಟ್ಟೂನು. ನಾ ಕಟ್ಟತೀನಿ, ನೀ ಹಾರಸು.”

ಗಾಡಿ ಸಿಕ್ಕಿದ್ದು ಸೇಡಂನಲ್ಲಿ. ಲೀಲಾಬಾಯಿ ಎಂಬ ಮುದುಕಿಯ ಗಂಡ ಓಡಿಸುತ್ತಿದ್ದ ಹಳೇ ಜಾವಾ, ಆತ ಹೋದ ಮೇಲೆ ಹಿತ್ತಲಲ್ಲಿ ಕೋಳಿ ಕೂರುವ ಕೋಲಾಗಿತ್ತು. “ಒಯ್ರಿ ಮಾರಾಯರ, ಇದನ್ನ ನೋಡಿದ್ರ ನಂಗ ಅವರ ಕೆಮ್ಮೇ ನೆನಪಾಗ್ತದ” ಎಂದು ಆಕೆ ದಾಟಿಸಿಬಿಟ್ಟಳು.

ಅಲ್ಲಿಂದ ಐದು ವರ್ಷ ಆ ಗಾಡಿ ಲಾಲಪ್ಪನ ಶೆಡ್ಡಿನಲ್ಲಿ ಇಂಚಿಂಚಾಗಿ ಬೇರೆಯೇ ರೂಪ ತಾಳಿತು. ಮೊದಲು ದೀಪ, ದೊಡ್ಡ ಸೀಟು, ಚೈನಿನ ಡಬ್ಬಿ, ಉಕ್ಕಿನ ಭಾರೀ ಮಡ್‌ಗಾರ್ಡ್ ಎಲ್ಲ ಕಳಚಿ ಹಗುರ ಮಾಡಿದ. ಹಿಂದಿನ ಗಾಲಿ ಹಿಡಿಯುವ ಕವಲನ್ನು ಕತ್ತರಿಸಿ ಉದ್ದ ಮಾಡಿ ಬೆಸೆದ. ನೆಟ್ಟಗೆ ನಿಂತಿದ್ದ ಶಾಕ್‌ಗಳನ್ನು ಮುಂದಕ್ಕೆ ಒರಗಿಸಿ ಕಟ್ಟಿದ. ಹಾಗೆ ಮಾಡಿದರೆ ಗಾಲಿ ಹೆಚ್ಚು ಮೇಲೆ ಕೆಳಗೆ ಆಡುತ್ತದೆ. ಮುಂದಿನ ಫೋರ್ಕಿಗೆ ಚಿತ್ತಾಪುರದ ಲೇತಿನಲ್ಲಿ ತುಂಡು ಮಾಡಿಸಿ ಎತ್ತರಿಸಿದ. ಮೊದಲ ಸಲ ಜಿಗಿದಾಗ ಬೆಸುಗೆ ಬಿಟ್ಟು ಗಾಡಿ ಎರಡಾಯಿತು. ಎರಡನೇ ಸಲ ಹ್ಯಾಂಡಲ್ ಬಾಗಿತು. ಸಾಯಿಕುಮಾರ ಮೈಕೈ ತರಚಿಕೊಂಡು ಎದ್ದು ನಗುತ್ತಿದ್ದ. ಲಾಲಪ್ಪ ಗಾಡಿಯನ್ನು ಎಬ್ಬಿಸಿ ಮುರಿದ ಜಾಗವನ್ನು ಬೆರಳಿಂದ ಸವರುತ್ತಿದ್ದ.

ಎಲ್ಲಕ್ಕಿಂತ ಕಷ್ಟವಾದದ್ದು ಸೈಲೆನ್ಸರು. ಟೂ ಸ್ಟ್ರೋಕ್ ಎಂಜಿನ್ನಿನ ಶಕ್ತಿ ಅರ್ಧ ಅದರ ಹೊಗೆ ಹೋಗುವ ದಾರಿಯಲ್ಲೇ ಇರುತ್ತದೆ. ಜಾವಾದ ಎರಡು ಉದ್ದ ಕೊಳವೆ ತೆಗೆದು, ನಡುವೆ ಉಬ್ಬಿ ತುದಿಯಲ್ಲಿ ಸಣ್ಣಗಾಗುವ ಒಂದೇ ಕೊಳವೆ ಮಾಡಬೇಕು. ಅದಕ್ಕೆ ತಗಡನ್ನು ಲಾಳಿಕೆಯಂತೆ ಸುತ್ತಬೇಕು. ಊರಲ್ಲಿ ಲಾಳಿಕೆ ಮಾಡುವುದರಲ್ಲಿ ಎತ್ತಿದ ಕೈ ಇಮಾಮ್ಬೀಯದು. ಡಬ್ಬ, ಚಿಮಣಿ, ಜರಡಿ ಮಾಡಿ ಮಾರುವವಳು. ಅವಳು ಸುತ್ತಿಕೊಟ್ಟ ತಗಡನ್ನೆಲ್ಲ ಲಾಲಪ್ಪ ಬೆಸೆದು ತೋರಿಸಿದಾಗ ಬಾಯಿಗೆ ಸೆರಗು ಹಚ್ಚಿ ನಕ್ಕಳು. “ಯಾ ಅಲ್ಲಾ, ಕಪ್ಪಿ ನುಂಗಿದ ಹಾವು ಇದ್ದಂಗ ಅದಲ್ಲೋ ಲಾಲಪ್ಪ!”

ಆ ಹಾವು ಹಚ್ಚಿದ ದಿನ ಗಾಡಿಯ ಸ್ವಭಾವವೇ ಬದಲಾಯಿತು. ಅರ್ಧ ವೇಗದವರೆಗೆ ಮೊದ್ದು ಎತ್ತಿನಂತೆ ಹೋಗುವುದು, ಆಮೇಲೆ ಯಾರೋ ಹಿಂದಿನಿಂದ ಒದ್ದಂತೆ ಚಿಮ್ಮುವುದು. ಸಾಯಿಕುಮಾರ ಅದನ್ನು ಚಿಂಚೋಳಿ ಕಡೆಯ ಗುಡ್ಡದ ಬಂಡಿದಾರಿಗಳಲ್ಲಿ ಓಡಿಸಿ ಓಡಿಸಿ ಒಲಿಸಿಕೊಂಡ. ಸಣ್ಣಪುಟ್ಟ ರೇಸುಗಳಲ್ಲಿ ಗೆದ್ದ. ‘ಶಹಾಬಾದದ ಲಾಲಪ್ಪನ ಗಾಡಿ’ ಎಂದು ಜನ ಅನ್ನತೊಡಗಿದರು. ಓಡಿಸುವವನ ಹೆಸರು ಹೇಳದೆ ಕಟ್ಟಿದವನ ಹೆಸರು ಹೇಳುತ್ತಿದ್ದರು. ಲಾಲಪ್ಪ ಅದನ್ನು ತಿದ್ದಲಿಲ್ಲ. ಕೇಳಿ ಕೇಳಿ ಅವನಿಗೆ ರುಚಿ ಹತ್ತಿತ್ತು.

ತೊಂಬತ್ತಾರರ ಚಳಿಗಾಲದಲ್ಲಿ ವಾಡಿಯಲ್ಲಿ ತರುಣರ ಸಂಘವೊಂದು ದೊಡ್ಡ ರೇಸ್ ಇಟ್ಟಿತು. ಗುಲಬರ್ಗಾ, ಸೋಲಾಪುರ, ಹೈದರಾಬಾದಿನಿಂದ ಗಾಡಿಗಳು ಬಂದವು. ಸಾಯಿಕುಮಾರ ಆಗಷ್ಟೇ ಪೊಲೀಸ್ ಭರ್ತಿಯ ಓಟದಲ್ಲಿ ಪಾಸಾಗಿದ್ದ. ಡಾಕ್ಟರು ನೋಡುವುದೊಂದು ಬಾಕಿ. “ಇದ ಕಡೀ ರೇಸ್ ಮಾಮಾ. ನೌಕರಿ ಹತ್ತಿದ್ರ ಮುಂದ ಯಾರು ಬಿಡ್ತಾರ?” ಅಂದಿದ್ದ.

ಬೆಳಗಿನ ಸುತ್ತಿನಲ್ಲಿ ಜಿಗಿತದಲ್ಲೆಲ್ಲ ಲಾಲಪ್ಪನ ಗಾಡಿಯೇ ಮುಂದು. ಆದರೆ ನೇರ ದಾರಿಯಲ್ಲಿ ಹೈದರಾಬಾದಿನ ಸಣ್ಣ ಗಾಡಿಯೊಂದು ಸುಯ್ಯನೆ ಹಿಂದೆ ಹಾಕಿಬಿಟ್ಟಿತು. ಅದರ ಮಾಲಕ ಬಂದು ಜಾವಾದ ಸುತ್ತ ಒಂದು ಸುತ್ತು ಹಾಕಿ, “ಅಚ್ಛಾ ಬನಾಯಾ ಹೈ. ಲೇಕಿನ್ ಬುಢ್ಢಾ ತೋ ಬುಢ್ಢಾ ಹೀ ಹೈ ನಾ” ಎಂದು ನಕ್ಕು ಹೋದ.

ಎಷ್ಟು ಚೆಂದ ಕಟ್ಟಿದರೂ ಮುದಿ ಗಾಡಿ ಮುದಿಯೇ ಎಂಬ ಆ ನಗು ಲಾಲಪ್ಪನಿಗೆ ನಾಟಿತು. ಮಧ್ಯಾಹ್ನ ಸಾಯಿಕುಮಾರ ರೊಟ್ಟಿ ತಿನ್ನಲು ಹೋದಾಗ ಅವನೊಬ್ಬನೇ ಕೂತು ಕಾರ್ಬುರೇಟರ್ ಬಿಚ್ಚಿದ. ಪೆಟ್ರೋಲ್ ಒಳಗೆ ಹೋಗುವ ಸಣ್ಣ ತೂತಿನ ಹಿತ್ತಾಳೆಯ ತುಣುಕಿಗೆ ಜೆಟ್ಟು ಅನ್ನುತ್ತಾರೆ. ಇದ್ದದ್ದನ್ನು ತೆಗೆದು ಇನ್ನೂ ಸಣ್ಣ ತೂತಿನದನ್ನು ಹಾಕಿದ. ಪೆಟ್ರೋಲ್ ಕಡಿಮೆ ಗಾಳಿ ಹೆಚ್ಚು ಆದರೆ ಎಂಜಿನ್ ಹಗುರಾಗಿ ಕೂಗುತ್ತದೆ, ವೇಗ ಏರುತ್ತದೆ. ಅದರ ಜೊತೆ ಕಾವೂ ಏರುತ್ತದೆ. ಟೂ ಸ್ಟ್ರೋಕಿನಲ್ಲಿ ಎಣ್ಣೆ ಹೋಗುವುದೂ ಪೆಟ್ರೋಲಿನ ಜೊತೆಗೇ. ಅದು ಕಡಿಮೆಯಾದರೆ ಇದೂ ಕಡಿಮೆ. ಇದು ಲಾಲಪ್ಪನಿಗೆ ಗೊತ್ತಿಲ್ಲದ್ದಲ್ಲ.

ತಾನೇ ಒಂದು ಸುತ್ತು ಓಡಿಸಿ ಬಂದು ಪ್ಲಗ್ ಬಿಚ್ಚಿ ನೋಡಿದ. ಒಳ್ಳೆಯ ಎಂಜಿನ್ನಿನ ಪ್ಲಗ್ ಬೆಲ್ಲದ ಬಣ್ಣಕ್ಕಿರಬೇಕು. ಇದು ಸುಣ್ಣದಂತೆ ಬೆಳ್ಳಗಿತ್ತು. ಒಳಗೆ ಬೆಂಕಿ ಹೆಚ್ಚಾಗಿದೆ ಎಂದು ಅದು ಕೂಗಿ ಹೇಳುತ್ತಿತ್ತು. ಹಳೇ ಜೆಟ್ಟು ಅಂಗಿಯ ಜೇಬಿನಲ್ಲೇ ಇತ್ತು. ತಿರುಗಿ ಹಾಕಲು ಸಮಯವೂ ಇತ್ತು. ‘ಒಂದೇ ರೇಸ್, ತಡೀತದ’ ಎಂದುಕೊಂಡ ಲಾಲಪ್ಪ ಪ್ಲಗ್ಗನ್ನು ಹಾಗೇ ಬಿಗಿದ.

ಸಾಯಿಕುಮಾರ ಬಂದು ಒದ್ದು ಶುರು ಮಾಡಿದವನೇ ಹುಬ್ಬು ಗಂಟಿಕ್ಕಿದ. “ಮಾಮಾ, ಆವಾಜ್ ಬ್ಯಾರೆ ಆಗ್ಯದಲ್ಲ?”

“ಬರಾಬರ್ ಅದ. ನೀ ಹತ್ತು.”

ಮೂರನೇ ಸುತ್ತಿನ ಹೊತ್ತಿಗೆ ಜಾವಾ ಆ ಹೈದರಾಬಾದಿನ ಗಾಡಿಯನ್ನು ನೇರ ದಾರಿಯಲ್ಲೇ ದಾಟಿತು. ಒಡಕಿನ ಗುಡ್ಡದ ಮೇಲೆ ಕೂತ ಜನ ಎದ್ದು ನಿಂತು ಕೇಕೆ ಹಾಕಿದರು. ಲಾಲಪ್ಪನೂ ಕೈಯೆತ್ತಿದ. ಎತ್ತಿದ ಕೈ ಇನ್ನೂ ಮೇಲೇ ಇರುವಾಗ ಎಂಜಿನ್ನಿನ ಕೂಗು ಕತ್ತು ಹಿಚುಕಿದಂತೆ ನಿಂತುಹೋಯಿತು. ಕಾದು ಹಿಗ್ಗಿದ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ದಿಬ್ಬದ ತುದಿಯಲ್ಲಿ ಹಿಂದಿನ ಗಾಲಿ ಬಿಗಿದು, ಗಾಡಿ ಅಡ್ಡ ತಿರುಗಿ, ಸಾಯಿಕುಮಾರನನ್ನು ಕೆಳಗೆ ಹಾಕಿ ಅವನ ಎಡಗಾಲಿನ ಮೇಲೆ ಬಿತ್ತು. ಹಿಂದಿನಿಂದ ಬಂದ ಇನ್ನೊಂದು ಗಾಡಿ ಅದರ ಮೇಲೆ ಏರಿತು.

ಗುಲಬರ್ಗಾದ ದವಾಖಾನೆಯಲ್ಲಿ ಸಾಯಿಕುಮಾರನಿಗೆ ಎಚ್ಚರವಾದಾಗ ಮಂಡಿಗೆ ಕಟ್ಟು ಹಾಕಿತ್ತು. ಮತ್ತೆ ಮಡಚಲು ಬರುವುದಿಲ್ಲ ಎಂದು ಡಾಕ್ಟರು ರಮಾಬಾಯಿಗೆ ಹೊರಗೆ ಹೇಳಿದ್ದರು. ಒಳಗೆ ಅವನು ಲಾಲಪ್ಪನ ಕೈ ಹಿಡಿದುಕೊಂಡ.

“ನಂದ ತಪ್ಪು ಮಾಮಾ. ನೀವು ಎಷ್ಟು ಸಲ ಹೇಳಿದ್ರಿ, ಎಂಜಿನ್ ಹಿಡದ್ರ ತಟ್ನ ಕ್ಲಚ್ ಹಿಡಿ, ಗಾಲಿ ಬಿಡ್ತದ ಅಂತ. ನಾ ಹಿಡೀಲಿಲ್ಲ. ನಿಮ್ಮ ಗಾಡಿ ಕೆಡಿಸಿದೆ.”

ಹೇಳಬೇಕಾಗಿದ್ದ ಮಾತು ಲಾಲಪ್ಪನ ಗಂಟಲವರೆಗೆ ಬಂತು. ಆದರೆ ಬಾಯಿಂದ ಹೊರಬಿದ್ದದ್ದು ಬೇರೆ. “ಇರ್ಲಿ ಬಿಡು.”

ಕ್ಷಮಿಸುವವನ ಮಾತು ಅದು. ತಪ್ಪಿತಸ್ಥ ತಾನಾಗಿದ್ದು ಕ್ಷಮಿಸುವವನ ಜಾಗದಲ್ಲಿ ಕೂತುಬಿಟ್ಟೆನಲ್ಲ ಎಂಬುದು ದವಾಖಾನೆಯ ಮೆಟ್ಟಿಲು ಇಳಿಯುವಾಗಲೇ ಅವನಿಗೆ ಹೊಳೆಯಿತು. ಆದರೂ ತಿರುಗಿ ಹತ್ತಲಿಲ್ಲ. ಶಹಾಬಾದಿಗೆ ಬಂದು ಶೆಡ್ಡಿನ ಬಾಗಿಲು ಮುಂದೆ ಮಾಡಿ, ವಾಡಿಯಿಂದ ತಂದು ಹಾಕಿದ್ದ ಗಾಡಿಯ ಸಿಲಿಂಡರಿಗೆ ಕೈ ಹಚ್ಚುವ ಮೊದಲೇ ಕಾರ್ಬುರೇಟರ್ ಬಿಚ್ಚಿದ. ಸಣ್ಣ ಜೆಟ್ಟು ತೆಗೆದು ಹಳೆಯದನ್ನು ಹಾಕಿದ. ಯಾರೂ ನೋಡಲು ಬರುವವರಿರಲಿಲ್ಲ, ಯಾರೂ ಕೇಳಿರಲಿಲ್ಲ. ಆದರೂ ಹಾಕಿದ. ತೆಗೆದ ಆ ಹಿತ್ತಾಳೆಯ ತುಣುಕನ್ನು ಖಣಿಯಲ್ಲಿ ನಿಂತ ನೀರಿಗೆ ಎಸೆದು ಬಂದ. ಮುಂದೆ ಬಹಳ ವರ್ಷ ಅವನನ್ನು ಕಾಡಿದ್ದು ಬೆಳ್ಳಗಿನ ಪ್ಲಗ್ಗಿಗಿಂತ ಈ ಕೆಲಸವೇ. ಅದು ಅವಸರದಲ್ಲಿ ಆದದ್ದು ಎಂದಾದರೂ ಅನ್ನಬಹುದಿತ್ತು. ಇದನ್ನು ಮಾಡಿದ್ದು ತಣ್ಣಗಿನ ತಲೆಯಲ್ಲಿ.

ಪೊಲೀಸ್ ನೌಕರಿ ಹೋಯಿತು. ಸುಲೇಪೇಟದಲ್ಲಿ ಗೊತ್ತಾಗಿದ್ದ ಹೆಣ್ಣಿನ ಕಡೆಯವರು ಕಾಲು ನೋಡಿ ಸುಮ್ಮನಾದರು. ರಮಾಬಾಯಿ ದಿನಾ ಸಂಜೆ ತಮ್ಮನ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ಲಾಲಪ್ಪ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಎದ್ದು ಹೋದರೆ ಏನಾದರೂ ತಿಳಿದೀತೆಂದು ಅಂಜಿ ಕೂತಿರುತ್ತಿದ್ದ. ಎರಡು ವರ್ಷಕ್ಕೆ ಸಾಯಿಕುಮಾರನಿಗೆ ಚಂದ್ರಂಪಳ್ಳಿಯ ಕೆರೆಕಟ್ಟೆಯಲ್ಲಿ ಕಾಲುವೆಗೆ ನೀರು ಬಿಡುವ ಕೆಲಸ ಸಿಕ್ಕಿತು. ಕೋಲು ಹಿಡಿದು ಏರಿಯ ಮೇಲೆ ನಡೆಯುವುದು, ತೂಬು ಎತ್ತುವುದು ಇಳಿಸುವುದು. ಅಲ್ಲಿಯೇ ಹತ್ತಿರದ ತಾಂಡಾದಾಚೆಯ ಹಳ್ಳಿಯ ಸಾಬಮ್ಮ ಎಂಬವಳು ಅವನನ್ನು ಮೆಚ್ಚಿ ಮದುವೆಯಾದಳು. ಮದುವೆಯಲ್ಲಿ ಲಾಲಪ್ಪ ಎಲ್ಲರಿಗಿಂತ ಹೆಚ್ಚು ಓಡಾಡಿದ. “ಅಪ್ಪ ಇದ್ದಿದ್ರೂ ಇಷ್ಟು ಮಾಡ್ತಿರಲಿಲ್ಲ” ಎಂದು ಜನ ಹೊಗಳಿದಾಗ ಅಕ್ಕಿಯ ಚೀಲ ಹೊರುವ ನೆಪದಲ್ಲಿ ಒಳಗೆ ಹೋದ.

ಗಾಡಿ ಮಾತ್ರ ಗೋಣಿಚೀಲದ ಕೆಳಗೆ ಮಲಗಿತ್ತು. ಅದನ್ನು ಎಬ್ಬಿಸಿದವನು ಸಾಯಿಕುಮಾರನೇ. ಎರಡು ಸಾವಿರದ ಎರಡರಲ್ಲಿ ಅವನು ಒಬ್ಬ ತರುಣನನ್ನು ಕರೆದುಕೊಂಡು ಶೆಡ್ಡಿಗೆ ಬಂದ. ಹೆಸರು ಸುಜಯ. ಚಿತ್ತಾಪುರದ ಆಚಾರ್ಯರೊಬ್ಬರ ಮಗ, ವಾಡಿಯಲ್ಲಿ ಕಚೇರಿ ನೌಕರಿ. ಮಣ್ಣಿನ ರೇಸಿನ ಹುಚ್ಚು. ಮನೆಯಲ್ಲಿ ತಂದೆಗೆ ತಿಳಿಯದಂತೆ ಹೆಲ್ಮೆಟ್ಟನ್ನು ಅಕ್ಕಿಯ ಡಬ್ಬಿಯ ಹಿಂದೆ ಇಡುವವನು.

“ನನ್ನ ಸಲುವಾಗಿ ಅದನ್ನ ಹೂಳಬ್ಯಾಡ್ರಿ ಮಾಮಾ,” ಸಾಯಿಕುಮಾರ ಅಂದ. “ಗಾಡಿದೇನು ತಪ್ಪು? ಇವರಿಗೆ ಕೊಡ್ರಿ. ನಾ ಕಲಸ್ತೀನಿ.”

ಬೇಡ ಅನ್ನಲು ಲಾಲಪ್ಪನ ಹತ್ತಿರ ಹೇಳಬಹುದಾದ ಕಾರಣ ಒಂದೂ ಇರಲಿಲ್ಲ. ಹೊಸ ಪಿಸ್ಟನ್ ಹಾಕಿದ. ಸಿಲಿಂಡರಿನ ಕಿಂಡಿಗಳನ್ನು ಅರದಿಂದ ಉಜ್ಜಿ ನಯ ಮಾಡಿದ. ಬ್ರೇಕು ಬದಲಿಸಿದ. ಆದರೆ ಜೆಟ್ಟು ಹಾಕುವಾಗ ಅವನ ಕೈ ದೊಡ್ಡದರ ಕಡೆಗೇ ಹೋಯಿತು. ಎಣ್ಣೆಯನ್ನೂ ಒಂದಿಷ್ಟು ಹೆಚ್ಚೇ ಬೆರೆಸಿದ. ಗಾಡಿ ಇಟ್ಟಂಗಿ ಭಟ್ಟಿಯಂತೆ ಹೊಗೆ ಬಿಡುತ್ತ ಭಾರವಾಗಿ ಓಡಿತು. ಸುಜಯ ಒಳ್ಳೆಯ ಸವಾರ. ಆದರೂ ಒಂದರ ಮೇಲೊಂದು ರೇಸ್ ಸೋತ.

“ಲಾಲಪ್ಪನವರ, ಹೊಗಿ ಭಾಳ ಬಿಡ್ತದರಿ. ಸ್ವಲ್ಪ ಜೆಟ್ಟು ಸಣ್ಣದು ಮಾಡಿ ನೋಡೂಣಲ್ಲ?”

“ಬ್ಯಾಡ್ರಿ.”

“ಯಾಕಂತರಿ?”

“ಬ್ಯಾಡಂದ್ರ ಬ್ಯಾಡ.”

ಸಾಯಿಕುಮಾರ ರಜೆ ಸಿಕ್ಕಾಗಲೆಲ್ಲ ಬಂದು ಕಲಿಸುತ್ತಿದ್ದ. ಕಲಿಸುವಾಗ ಮೊದಲ ಪಾಠ ಅವನದೇ ಕಾಲು. ಪ್ಯಾಂಟು ಮೇಲೆತ್ತಿ ಸೆಟೆದ ಮಂಡಿ ತೋರಿಸಿ, “ಎಂಜಿನ್ ಹಿಡೀತಂದ್ರ ರೆಪ್ಪಿ ಬಡಿಯೂದರೊಳಗ ಕ್ಲಚ್ ಹಿಡೀಬೇಕರಿ. ನಾ ಹಿಡೀಲಿಲ್ಲ, ನೋಡ್ರಿ” ಅನ್ನುತ್ತಿದ್ದ. ಹೇಳುತ್ತ ಹೇಳುತ್ತ ಕ್ಲಚ್ ಹಿಡಿಯುವ ಎಡಗೈಯನ್ನು ಗಾಳಿಯಲ್ಲಿ ಮುಷ್ಟಿ ಮಾಡುತ್ತಿದ್ದ. ಲಾಲಪ್ಪ ತಲೆ ತಗ್ಗಿಸಿ ನಟ್ಟು ಬಿಚ್ಚುವ ಪಾನಾ ಒರೆಸುತ್ತಿದ್ದ. ತನ್ನ ಸುಳ್ಳು ಈಗ ಪಾಠವಾಗಿ ಇನ್ನೊಬ್ಬರ ತಲೆಗೆ ಹೋಗುತ್ತಿದೆ ಎಂದು ಅವನಿಗೆ ತಿಳಿಯುತ್ತಿತ್ತು. ಆದರೂ ಸುಮ್ಮನಿದ್ದ. ಸುಮ್ಮನಿರುವುದು ಅಷ್ಟೊತ್ತಿಗೆ ಅವನಿಗೆ ರೂಢಿಯಾಗಿತ್ತು.

ಎರಡು ಸಾವಿರದ ನಾಲ್ಕರಲ್ಲಿ ಸೇಡಂನ ಹೊರಗೆ ತೊಗರಿ ಕೊಯ್ದ ಬಯಲಿನಲ್ಲಿ ರೇಸ್ ಇತ್ತು. ಸಾಯಿಕುಮಾರನೂ ಬಂದಿದ್ದ. ಲಾಲಪ್ಪ ಚೈನು ನೋಡಿ ಎದ್ದು ನಿಲ್ಲುವಷ್ಟರಲ್ಲಿ ಸುಜಯ ಗಾಡಿ ಶುರು ಮಾಡಿ ಒಂದು ಸುತ್ತು ಓಡಿಸಿ ಬಂದ. ಲಾಲಪ್ಪನ ಕಿವಿ ನೆಟ್ಟಗಾಯಿತು. ಹೊಗೆ ಇಲ್ಲ. ಕೂಗು ತೆಳ್ಳಗೆ, ಎತ್ತರಕ್ಕೆ ಏರಿತ್ತು. ಎಂಟು ವರ್ಷದ ಹಿಂದೆ ವಾಡಿಯಲ್ಲಿ ಕೇಳಿದ ಕೂಗು.

“ಬಂದ್ ಮಾಡ್ರಿ!”

ಸುಜಯ ನಗುತ್ತಲೇ ನಿಲ್ಲಿಸಿದ. “ಸಿಟ್ಟಾಗಬ್ಯಾಡ್ರಿ. ನಾನ ನಿನ್ನಿ ಸಣ್ಣ ಜೆಟ್ಟು ಹಾಕೀನಿ. ಹ್ಯಾಂಗ ಓಡ್ತದ ನೋಡಿದ್ರೇನು!”

ಲಾಲಪ್ಪ ಕಾದ ಎಂಜಿನ್ನಿಗೇ ಪಾನಾ ಹಾಕಿ ಪ್ಲಗ್ ಬಿಚ್ಚಿದ. ಬೆರಳು ಸುಟ್ಟಿತು. ಪ್ಲಗ್ ಬೆಳ್ಳಗಿತ್ತು.

“ಒಂದ ರೇಸ್ ಅಲ್ಲೇನ್ರಿ,” ಸುಜಯ ಅಂದ. “ತಡೀತದ ಬಿಡ್ರಿ.”

ತನ್ನ ಮನಸ್ಸಿನಲ್ಲೇ ಹೂತಿಟ್ಟಿದ್ದ ಮಾತು ಇನ್ನೊಬ್ಬನ ಬಾಯಿಂದ ಬಂದದ್ದೇ ತಡ, ಲಾಲಪ್ಪನ ಹಿಡಿತ ತಪ್ಪಿತು. ಪಾನಾ ನೆಲಕ್ಕೆ ಬೀಸಿ ಒಗೆದು ಕೂಗಿದ. “ತಡಿಯಂಗಿಲ್ಲ! ಇಂಥಾದ ಬಿಳಿ ಪ್ಲಗ್ ನೋಡಿ, ತಡೀತದಂತ ತಿರುಗಿ ಹಾಕಿ, ಒಬ್ಬಾವನ ಕಾಲು ತಿಂದೀನಿ ನಾ! ಇನ್ನೊಂದು ತಿನ್ನಲೇನು?”

ಸಾಯಿಕುಮಾರ ಎರಡು ಮಾರು ಆಚೆಗೇ ಕೋಲು ಊರಿ ನಿಂತಿದ್ದ.

“ಅವತ್ತ ಬೆಳ್ಳಗಿತ್ತೇನು?” ಮೆಲ್ಲಗೆ ಕೇಳಿದ.

“ಇತ್ತು.”

“ನೀವು ನೋಡಿದ್ರಿ?”

“ನೋಡಿದ್ದೆ.”

“ನಾ ಕೇಳಿದ್ದೆ ನಿಮ್ಮನ್ನ. ಆವಾಜ್ ಬ್ಯಾರೆ ಅದ ಅಂತ ಕೇಳಿದ್ದೆ.”

ಸಾಯಿಕುಮಾರ ತನ್ನ ಎಡಗೈಯನ್ನು ಮುಂದೆ ಹಿಡಿದು ಯಾರದೋ ಕೈ ಎಂಬಂತೆ ನೋಡಿದ.

“ಕಾಲಿಂದು ಬಿಡ್ರಿ. ಈ ಕೈಯಿಂದು ಹೇಳ್ರಿ. ಎಂಟು ವರ್ಷ ಆತು, ಈ ಕೈ ನಾ ನಂಬಿಲ್ಲ. ತೂಬಿನ ಗಾಲಿ ಈ ಕೈಲೆ ತಿರಗಸಂಗಿಲ್ಲ, ನಡುವ ಹಿಡಿತ ಬಿಡ್ತದೇನೋ ಅಂತ ಅಂಜಿಕಿ. ಮಲಗಿದಾಗ ಮುಷ್ಟಿ ಹಿಡದು ಹಿಡದು ಉಗುರು ನಟ್ಟು ಎಚ್ಚರಾಗ್ತದ. ನೀವು ಒಂದ ಮಾತು ಹೇಳಿದ್ರ ಸಾಕಿತ್ತು.”

ಅಷ್ಟು ಹೇಳಿ ಅವನು ಬಯಲು ದಾಟಿ ರಸ್ತೆಗೆ ಹೋಗಿ, ಚಿಂಚೋಳಿಯ ಕಡೆ ಹೋಗುವ ಬಸ್ಸಿಗೆ ಕೈ ಮಾಡಿದ. ಮಂಡಿ ಮಡಚದ ಕಾಲನ್ನು ಕೈಯಿಂದ ಎತ್ತಿ ಮೆಟ್ಟಿಲ ಮೇಲಿಡುವುದು ದೂರದಿಂದ ಕಂಡಿತು. ಅಂದು ಗಾಡಿ ಓಡಲಿಲ್ಲ.

ಮನೆಗೆ ಬಂದು ಲಾಲಪ್ಪ ರಮಾಬಾಯಿಗೆ ತಾನೇ ಹೇಳಿದ. ಬೇರೆ ಯಾರಾದರೂ ಹೇಳುವ ಮೊದಲು ಹೇಳಬೇಕೆಂಬಷ್ಟು ಬುದ್ಧಿ ಆಗಲಾದರೂ ಬಂದಿತ್ತು. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

“ನಾ ಅವನ ಕಾಲಿಗೆ ಎಣ್ಣಿ ತಿಕ್ಕುವಾಗ ನೀವು ಬಾಜೂಕ ಕುಂತು ಚಹಾ ಕುಡೀತಿದ್ರಿ” ಅಂದಳು. ಮೊರ ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಚಹಾ ಮಾಡಿ ಒಲೆಯ ಪಕ್ಕ ಮುಚ್ಚಿಡುತ್ತಿದ್ದಳೇ ಹೊರತು ಕೈಗೆ ಕೊಡುತ್ತಿರಲಿಲ್ಲ. ತಮ್ಮನ ಮನೆಗೆ ಒಬ್ಬಳೇ ಹೋಗಿ ಬರುತ್ತಿದ್ದಳು.

ಲಾಲಪ್ಪ ಗಾಡಿಯನ್ನು ಒಡೆದು ಹಾಕಬೇಕೆಂದು ಸುತ್ತಿಗೆ ಎತ್ತಿದ್ದುಂಟು. ಸುಜಯ ತಡೆದ. “ಅದನ್ನ ಒಡದ್ರ ಅವರ ಕಾಲು ಬರ್ತದೇನ್ರಿ? ಸರಿ ಮಾಡಿ ಕೊಡ್ರಿ.” ಆಗ ಲಾಲಪ್ಪ ಮೊದಲ ಬಾರಿಗೆ ಅದರ ಜೆಟ್ಟನ್ನು ಸರಿಯಾಗಿ ಕೂರಿಸಿದ. ಜಂಬಕ್ಕೆ ಸಣ್ಣದೂ ಅಲ್ಲ, ಅಂಜಿಕೆಗೆ ದೊಡ್ಡದೂ ಅಲ್ಲ. ಒಂದೊಂದು ಹಾಕಿ ಓಡಿಸಿ, ಪ್ಲಗ್ ಬಿಚ್ಚಿ ಸುಜಯನಿಗೂ ತೋರಿಸಿ, ಬೆಲ್ಲದ ಬಣ್ಣ ಬರುವವರೆಗೆ ತಾಳ್ಮೆಯಿಂದ ಕೂತ. ಮರುವರ್ಷ ಗುಲಬರ್ಗಾದಲ್ಲಿ ಆ ಮುದಿ ಜಾವಾ ಹೊಸ ಗಾಡಿಗಳ ನಡುವೆ ಎರಡನೆಯದಾಗಿ ಬಂತು. ಕಟ್ಟಿದವರು ಯಾರು, ಬರ್ರಿ ಎಂದು ಮೈಕಿನಲ್ಲಿ ಕರೆದರು. ಲಾಲಪ್ಪ ಜನರ ಹಿಂದೆ ಸರಿದು ನಿಂತ, ಹೋಗಲಿಲ್ಲ.

ಮೂರು ವರ್ಷ ಸಾಯಿಕುಮಾರ ಶಹಾಬಾದಿಗೆ ಬರಲಿಲ್ಲ. ಎರಡು ಸಾವಿರದ ಏಳರಲ್ಲಿ ಅವನಿಗೆ ಹೆಣ್ಣು ಮಗು ಹುಟ್ಟಿತು. ಹೆಸರಿಡುವ ತೊಟ್ಟಿಲ ಕಾರ್ಯಕ್ಕೆ ಹೊರಟ ರಮಾಬಾಯಿ ಬಾಗಿಲಲ್ಲಿ ನಿಂತು, ಮುಖ ನೋಡದೆ ಹೇಳಿದಳು. “ನೀವೂ ಬರಬೇಕಂತ. ಅವನ ಹೇಳ್ಯಾನ.”

ಚಂದ್ರಂಪಳ್ಳಿಯ ಮನೆಯಲ್ಲಿ ನೆಂಟರು ತುಂಬಿದ್ದರು. ಲಾಲಪ್ಪ ಹೊರಗಿನ ಕಟ್ಟೆಯ ತುದಿಗೆ ಕೂತ. ಊಟಕ್ಕೆ ಎಲ್ಲರ ಜೊತೆ ಎಲೆಯ ಮುಂದೆ ಕೂತಾಗ ಸಾಯಿಕುಮಾರ ಬುಟ್ಟಿ ಹಿಡಿದು ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತ ಕುಂಟುತ್ತ ಬಂದ. ಲಾಲಪ್ಪನ ಮುಂದೆ ನಿಂತ. ಲಾಲಪ್ಪನಿಗೆ ತಲೆ ಎತ್ತಲಾಗಲಿಲ್ಲ.

“ಸಾಯಿ, ನಂದು ಭಾಳ ತಪ್ಪಾಗ್ಯದ” ಅಂದ.

“ಗೊತ್ತದ.” ಸಾಯಿಕುಮಾರ ಎರಡು ಹೋಳಿಗೆ ಎಲೆಗೆ ಹಾಕಿದ. “ಸಿಟ್ಟು ಹೋಗಿಲ್ಲ ಮಾಮಾ. ಸುಳ್ಳ್ಯಾಕ ಹೇಳ್ಲಿ? ಹೋದಾಗ ನಾನ ಹೇಳ್ತೀನಿ. ಅಲ್ಲೀತನ ಉಣ್ಣಾಕ ಬರ್ರಿ.”

ತುಪ್ಪದವರನ್ನು ಕೂಗಿ ಕರೆದು ಅವನು ಮುಂದಿನ ಎಲೆಗೆ ಹೋದ. ಲಾಲಪ್ಪ ಉಂಡ. ಒಳಗೆ ಹೆಂಗಸರು ಮಗುವಿನ ಹೆಸರು ಕೂಗುತ್ತಿದ್ದರು. ಗದ್ದಲದಲ್ಲಿ ಏನು ಹೆಸರಿಟ್ಟರೆಂದು ಅವನಿಗೆ ಕೇಳಿಸಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಹೆಂಡತಿಯನ್ನು ಕೇಳಿದ. ಅವಳು ಕಿಟಕಿಯ ಕಡೆಯಿಂದ ಮುಖ ತಿರುಗಿಸಿ, ಬಹಳ ದಿನದ ಮೇಲೆ ಅವನನ್ನು ನೋಡಿ, “ಶ್ರೀವಿದ್ಯಾ” ಅಂದಳು.